ಸ್ವಂತ ಸ್ಕ್ರಿಪ್ಟ್ ಅನ್ನು ಲಿನಕ್ಸ್‌ನ ಯಾವ ಡೈರೆಕ್ಟರಿಯಲ್ಲಿ ಇಡಬೇಕು?

ಪ್ರಶ್ನೆ (ತಿಪಟೂರು):
ನಮಸ್ಕಾರ. ನಮ್ಮ ಕೊಬ್ಬರಿ ಮಂಡಿಯ ಲೆಕ್ಕಕ್ಕೆಂದು ಒಂದು ಸ್ಕ್ರಿಪ್ಟ್ (ಆದೇಶಗಳ ಸಣ್ಣ ಪ್ರೋಗ್ರಾಂ) ಬರೆದು ಉಬುಂಟು (ಲಿನಕ್ಸ್‌ನ ಒಂದು ರೂಪ) ಯಂತ್ರದ /ಯುಎಸ್‌ಆರ್/ಬಿನ್ ಡೈರೆಕ್ಟರಿಯಲ್ಲಿ, ಅಂದರೆ ಫೋಲ್ಡರ್‌ನಲ್ಲಿ, ಇಟ್ಟಿದ್ದೇನೆ. ಅದು ಬರೆಯುವ ದಿನದ ತೂಕದ ಪಟ್ಟಿಗಳು /ಟೆಂಪ್‌ನಲ್ಲಿ ಸೇರುತ್ತಿದ್ದವು. ಮೊನ್ನೆ ಕರೆಂಟ್ ಹೋಗಿ ಯಂತ್ರ ಮತ್ತೆ ಶುರುವಾದಾಗ ಒಂದು ಪಟ್ಟಿಯೂ ಉಳಿದಿರಲಿಲ್ಲ. ಯಾವುದನ್ನು ಎಲ್ಲಿ ಇಡಬೇಕಿತ್ತು? /ಬಿನ್ ಮತ್ತು /ಯುಎಸ್‌ಆರ್/ಬಿನ್ ಎರಡರಲ್ಲೂ ಅವೇ ಫೈಲುಗಳು ಕಾಣುವುದೇಕೆ? ಒಂದನ್ನು ಅಳಿಸಬಹುದೇ?

ಉತ್ತರ (ತುಮಕೂರು):
ದಯವಿಟ್ಟು ಯಾವುದನ್ನೂ ಅಳಿಸಬೇಡಿ ಸರ್. ಅಲ್ಲಿರುವುದು ಎರಡು ಪ್ರತಿಗಳಲ್ಲ. /ಬಿನ್ ಎಂಬುದು ಈಗ /ಯುಎಸ್‌ಆರ್/ಬಿನ್ ಕಡೆಗೆ ತೋರಿಸುವ ಕೊಂಡಿ ಮಾತ್ರ.

ಡೈರೆಕ್ಟರಿಗಳ ವಿಂಗಡಣೆಯ ಹಿಂದಿರುವ ಮುಖ್ಯ ವಿಚಾರವೆಂದರೆ, ತಾನಾಗಿ ಬದಲಾಗದ ಫೈಲುಗಳನ್ನೂ ದಿನವೂ ಬದಲಾಗುವ ಫೈಲುಗಳನ್ನೂ ಬೇರೆಬೇರೆಯಾಗಿ ಇಡುವುದು. /ಯುಎಸ್‌ಆರ್ ಮೊದಲನೆಯದಕ್ಕೆ, /ವಾರ್ ಎರಡನೆಯದಕ್ಕೆ. ತಾತ್ಕಾಲಿಕ ಫೈಲುಗಳ ಜಾಗವಾದ /ಟೆಂಪ್‌ನಲ್ಲಿಟ್ಟದ್ದು ನಾಳೆಯೂ ಇರುತ್ತದೆಂದು ಯಾವ ಪ್ರೋಗ್ರಾಮೂ ನಂಬುವಂತಿಲ್ಲ. ಆದುದರಿಂದ ತೂಕದ ಪಟ್ಟಿಗಳಿಗೆ /ವಾರ್/ಲಿಬ್ ಒಳಗೆ ಒಂದು ಡೈರೆಕ್ಟರಿ ಮಾಡಿ. /ಯುಎಸ್‌ಆರ್/ಬಿನ್ ಪ್ರೋಗ್ರಾಂಗಳನ್ನು ಸ್ಥಾಪಿಸಿ ಅಪ್‌ಡೇಟ್ ಮಾಡುವ ಪ್ಯಾಕೇಜ್ ವ್ಯವಸ್ಥೆಯ ಸುಪರ್ದಿಯಲ್ಲಿರುವುದರಿಂದ, ನಿಮ್ಮ ಸ್ಕ್ರಿಪ್ಟಿನ ಹೆಸರಿನದೇ ಪ್ರೋಗ್ರಾಂ ಮುಂದೆಂದಾದರೂ ಬಂದರೆ ನಿಮ್ಮದರ ಮೇಲೆಯೇ ಅದು ಕುಳಿತುಕೊಳ್ಳುತ್ತದೆ. ಯಂತ್ರದ ಮಾಲೀಕರು ತಾವಾಗಿ ಸೇರಿಸುವುದಕ್ಕೆಂದೇ /ಯುಎಸ್‌ಆರ್/ಲೋಕಲ್/ಬಿನ್ ಇದೆ. ಅಪ್‌ಡೇಟ್‌ಗಳು ಅದನ್ನು ಮುಟ್ಟುವುದಿಲ್ಲ.

ಉತ್ತರ (ಮಧುಗಿರಿ):
ಎರಡು ಬಿನ್‌ಗಳ ಚರಿತ್ರೆಯನ್ನೂ ಹೇಳಬೇಕು, ಏಕೆಂದರೆ ಅದಿಲ್ಲದೆ ಈ ವಿನ್ಯಾಸ ಅರ್ಥವಿಲ್ಲದ್ದೆನಿಸುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಮೊದಲ ಯುನಿಕ್ಸ್‌ನಲ್ಲಿ (ಲಿನಕ್ಸ್‌ಗೆ ಮಾದರಿಯಾದ ವ್ಯವಸ್ಥೆ) /ಯುಎಸ್‌ಆರ್ ಎಂಬುದು ಬಳಕೆದಾರರ ಸ್ವಂತ ಫೈಲುಗಳ ಜಾಗವಾಗಿತ್ತು. ಮೊದಲ ಡಿಸ್ಕ್ ತುಂಬಿದಾಗ ವ್ಯವಸ್ಥೆಯ ಪ್ರೋಗ್ರಾಂಗಳು ಅಲ್ಲಿಗೂ ಹರಿದವು. ಮುಂದೆ, ಯಂತ್ರ ಶುರುವಾಗಲು ಬೇಕಾದವು /ಬಿನ್‌ನಲ್ಲಿ, ಉಳಿದವು /ಯುಎಸ್‌ಆರ್/ಬಿನ್‌ನಲ್ಲಿ ಎಂಬ ಕಾರಣ ಹುಟ್ಟಿಕೊಂಡಿತು. ಆ ಅಗತ್ಯ ಕಡಿಮೆಯಾದ ಮೇಲೆ ಲಿನಕ್ಸ್‌ನ ಇನ್ನೊಂದು ರೂಪವಾದ ಫೆಡೋರಾ 2012ರಲ್ಲಿ ಎರಡನ್ನೂ ಒಂದುಗೂಡಿಸಿತು. ಉಬುಂಟುವಿಗೆ ಮೂಲವಾದ ಡೆಬಿಯನ್‌ನ 2023ರ 12ನೇ ಆವೃತ್ತಿಯಲ್ಲಿ ಒಂದಾದ ವಿನ್ಯಾಸಕ್ಕೆ ಮಾತ್ರ ಬೆಂಬಲವಿದೆ.

ಮೇಲಿನ ಸಲಹೆಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. /ಯುಎಸ್‌ಆರ್/ಲೋಕಲ್ ಅಪ್‌ಡೇಟ್‌ನಿಂದ ಉಳಿಯುತ್ತದೆಯೇ ಹೊರತು ಡಿಸ್ಕ್ ಫಾರ್ಮ್ಯಾಟ್‌ನಿಂದಲ್ಲ. ನೀವೊಬ್ಬರೇ ಬಳಸುವುದಾದರೆ ನಿಮ್ಮ ಸ್ವಂತ ಫೈಲುಗಳ ಜಾಗವಾದ /ಹೋಮ್‌ನಲ್ಲಿಯೇ ಎಲ್ಲವನ್ನೂ ಇಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಬ್ಯಾಕಪ್ ತೆಗೆಯಲು ಒಂದೇ ಜಾಗ ಸಾಕಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಮಂಡಿಯಲ್ಲಿ ನಾನೂ ನನ್ನ ತಮ್ಮನೂ ಬೇರೆಬೇರೆ ಲಾಗಿನ್‌ನಿಂದ ಬಳಸುವುದರಿಂದ ಸ್ಕ್ರಿಪ್ಟ್ ಅನ್ನು /ಯುಎಸ್‌ಆರ್/ಲೋಕಲ್/ಬಿನ್‌ಗೂ ಪಟ್ಟಿಗಳನ್ನು /ವಾರ್/ಲಿಬ್‌ಗೂ ಬದಲಿಸಿದ್ದೇನೆ. ಎರಡನ್ನೂ ಪ್ರತಿ ಸಂಜೆ ಪೆನ್‌ಡ್ರೈವ್‌ಗೆ ನಕಲು ಮಾಡುತ್ತೇನೆ. ಕಳೆದುಹೋದ ಪಟ್ಟಿಗಳನ್ನು ಕಾಗದದ ಚೀಟಿಗಳಿಂದ ಮತ್ತೆ ತುಂಬುತ್ತಿದ್ದೇವೆ.