ಮಡಿದ ಸೈನಿಕರು ಪದಕ ‘ಗಳಿಸಿದರೇ’? ಫಲಕದ ಬರಹಕ್ಕೆ ತುರ್ತಾಗಿ ಪದ ಬೇಕು

ಮಾನ್ಯರೇ,

ಯುದ್ಧಪದಕಗಳ ಸಣ್ಣ ಪ್ರದರ್ಶನವೊಂದಕ್ಕೆ ಕನ್ನಡ ಫಲಕಗಳನ್ನು ಬರೆದುಕೊಡುತ್ತಿದ್ದೇನೆ. ಸೋಮವಾರ ಅವು ಅಚ್ಚಿಗೆ ಹೋಗಬೇಕು. ಇನ್‌ಫೆಂಟ್ರಿ ಸೈನಿಕರ ಭಾಗಕ್ಕೆ ‘ಪದಕ ಗಳಿಸಿದ ಹುತಾತ್ಮ ಪದಾತಿ ಯೋಧರು’ ಎಂಬ ತಲೆಬರಹ ಕೊಟ್ಟಿದ್ದೇನೆ. ಮೊದಲ ಫಲಕ ಕುಮಾಂವ್ ರೆಜಿಮೆಂಟಿನ ಮೇಜರ್ ಸೋಮನಾಥ ಶರ್ಮಾ ಅವರದು. ಅದರಲ್ಲಿರುವ ‘ಮರಣೋತ್ತರವಾಗಿ ಪರಮವೀರ ಚಕ್ರ ಪಡೆದರು’ ಎಂಬ ವಾಕ್ಯ ಸರಿಯೇ? ‘ಹುತಾತ್ಮ’ವನ್ನು ಉಳಿಸಿಕೊಳ್ಳಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ

‘ಕಾಲಾಳು’ ಇರುವಾಗ ‘ಪದಾತಿ’ಯ ಅಗತ್ಯವಿಲ್ಲ. ಶೌರ್ಯಕ್ಕೆ ‘ಆಳ್ತನ’ ಎಂದ ನುಡಿ ನಮ್ಮದು. ಆಳೆಂದರೆ ಕೂಲಿಯವನೆಂಬ ಅರ್ಥವನ್ನಷ್ಟೇ ಉಳಿಸಿಕೊಂಡು ಕಾಲಾಳನ್ನು ಕೀಳೆಂದು ತಳ್ಳುವುದು ತಪ್ಪು. ‘ಹುತಾತ್ಮ’ ಹೋಮಕುಂಡದಿಂದ ಬಂದ ಪದ. ವೀರಗಲ್ಲುಗಳ ಕನ್ನಡಕ್ಕೆ ಅದು ಬೇಕಾಗಿರಲಿಲ್ಲ, ನಮಗೂ ಬೇಡ. ‘ಕಾದಿ ಮಡಿದ ಕಾಲಾಳುಗಳು’ ಎಂದು ಬರೆಯಿರಿ. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಮರು ಉತ್ತರ

ಚರ್ಚಿಸುವಂಥದ್ದು ಬಹಳ ಇದೆ. ‘ಕಾದಿ ಮಡಿದ’ ಎಂಬುದು ಎಲ್ಲರಿಗೂ ಸಲ್ಲುವುದಿಲ್ಲ. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನವರು, ಅಂದರೆ ಇನ್‌ಫೆಂಟ್ರಿಯವರೇ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಸಿಲುಕಿ, ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿ, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೂ ಮರಣೋತ್ತರವಾಗಿ ಸೇನಾ ಪದಕ ಸಂದಿದೆ, ಆದರೆ ಅಲ್ಲಿ ಕಾಳಗ ನಡೆದಿರಲಿಲ್ಲ. ನಾಳೆ ಅವರ ಫಲಕವನ್ನೂ ಸೇರಿಸುವುದಾದರೆ ಆ ತಲೆಬರಹ ಸುಳ್ಳಾಗುತ್ತದೆ.

ಕೇಳಿದವರ ವಾಕ್ಯದ ದೋಷ ‘ಪಡೆದರು’ ಎಂಬುದರಲ್ಲಿದೆ. ‘ಮರಣೋತ್ತರ’ವು ಕೊಡುವ ಕ್ರಿಯೆಗೆ ಹೊಂದುವ ವಿಶೇಷಣ, ಮಡಿದವರು ಪಡೆಯುವ ಕ್ರಿಯೆಗೆ ಕರ್ತೃಗಳಾಗಲಾರರು, ಪದಕವನ್ನು ಸ್ವೀಕರಿಸುವವರು ಮನೆಯವರು. ‘ಗಳಿಸಿದ’ ಎಂಬುದು ಇನ್ನೂ ಸಲ್ಲದು. ಎಡಗೈಗೆ ಪ್ಲಾಸ್ಟರ್ ಇದ್ದಾಗಲೇ ಕಾಶ್ಮೀರಕ್ಕೆ ಹೊರಟ ಶರ್ಮಾ ಅವರು 1947ರ ನವೆಂಬರ್ 3ರಂದು ಬದ್ಗಾಮ್‌ನಲ್ಲಿ ಮಡಿದಾಗ ಪರಮವೀರ ಚಕ್ರವೆಂಬುದೇ ಇರಲಿಲ್ಲ. ಅದು ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ಇದುವರೆಗೆ ಕೊಟ್ಟ 21 ಪರಮವೀರ ಚಕ್ರಗಳಲ್ಲಿ 14 ಮರಣೋತ್ತರವಾದವು. ಆ ಹದಿನಾಲ್ವರಲ್ಲಿ ಒಬ್ಬರೂ ತಮಗೆ ಸಂದ ಪದಕವನ್ನು ಕಣ್ಣಾರೆ ಕಾಣಲಿಲ್ಲ. ಓಟದಲ್ಲಿ ಗೆದ್ದವರು ಪದಕ ಗಳಿಸುತ್ತಾರೆ. ಇವರ ಬಗ್ಗೆ ಅದೇ ಕ್ರಿಯಾಪದವನ್ನು ಬಳಸುವುದು ನನಗೆ ಸಹಿಸಲಾಗದ ಅಸಡ್ಡೆಯಾಗಿ ತೋರುತ್ತದೆ.

‘ಹುತಾತ್ಮ’ವನ್ನು ಬಿಡಬೇಕೆಂಬುದಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ಕಾರಣ ಬೇರೆ. 2022ರಲ್ಲಿ ಸೇನೆಯೇ ತನ್ನ ಕಮಾಂಡ್‌ಗಳಿಗೆ ಪತ್ರ ಬರೆದು, ಮಡಿದ ಸೈನಿಕರನ್ನು ಇಂಗ್ಲಿಷಿನಲ್ಲಿ ‘ಮಾರ್ಟರ್’ (martyr) ಎನ್ನಬಾರದೆಂದು ತಿಳಿಸಿತು; ಧರ್ಮವನ್ನು ತೊರೆಯಲೊಪ್ಪದೆ ಸಾವಿಗೀಡಾದವರಿಗೆ ಸಲ್ಲುವ ಪದ ಅದು ಎಂಬುದು ಅದರ ವಾದ. ನಮ್ಮ ಪತ್ರಿಕೆಗಳಲ್ಲಿ ‘ಹುತಾತ್ಮ’ ಆ ಪದದ ಸ್ಥಾನದಲ್ಲೇ ನಡೆಯುತ್ತಿರುವುದರಿಂದ ಅದನ್ನು ಕೈಬಿಡುವುದು ಲೇಸು. ‘ಮಡಿದ’ ಸಾಕು. ‘ಕಾಲಾಳು’ ಎಂದರೆ ಇಂದಿನ ಓದುಗರಿಗೆ ಚದುರಂಗದ ಕಾಯಿಯೇ ಮೊದಲು ನೆನಪಾಗುತ್ತದೆ. ‘ಪದಾತಿದಳ’ ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿದೆ. ಆದ್ದರಿಂದ ‘ಮಡಿದ ಪದಾತಿ ಸೈನಿಕರು ಮತ್ತು ಅವರಿಗೆ ಸಂದ ಪದಕಗಳು’ ಎಂದಿರಲಿ.

ಉತ್ತರ

‘ಸಂದ’ ಒಳ್ಳೆಯ ಪದ, ಒಪ್ಪಿದೆ. ‘ಪದಾತಿ’ಯನ್ನು ಒಪ್ಪಲಾರೆ. ಓದುಗರಿಗೆ ಗೊತ್ತಿಲ್ಲವೆಂದು ಬಿಡುತ್ತ ಹೋದರೆ ಗೊತ್ತಾಗುವುದು ಯಾವಾಗ? ‘ಪದಕ’ವೂ ಎರವಲೇ, ಅದೂ ಕೊರಳ ಹಾರದ ಒಡವೆಯ ಹೆಸರು. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಕೊಟ್ಟದ್ದನ್ನು ಆತಕೂರಿನ ಶಾಸನ ‘ಬಾಳ್ಗಚ್ಚು’ ಎನ್ನುತ್ತದೆ. ಇಂಥ ಪದಗಳಿರುವಾಗ ಎರವಲೇಕೆ?

ಮರು ಉತ್ತರ

ಬಾಳ್ಗಚ್ಚು ಊರುಗಳ ದತ್ತಿ, ಎದೆಯ ಮೇಲೆ ತೊಡುವ ವಸ್ತುವಲ್ಲ. ಅದನ್ನು ಪಡೆಯುವಾಗ ಮಣಲೇರ ಬದುಕಿದ್ದ. ಎರವಲಿನ ಮೇಲಿನ ಸಿಟ್ಟಿನಿಂದ, ಹೊಂದದ ಪದವನ್ನು ಮಡಿದವರ ಹೆಸರಿನ ಪಕ್ಕದಲ್ಲಿ ಕೂರಿಸಬಾರದು. ಕೇಳಿದವರು ಫಲಕಕ್ಕೆ ಹೀಗೆ ಬರೆದುಕೊಳ್ಳಲಿ: ‘ಮೇಜರ್ ಸೋಮನಾಥ ಶರ್ಮಾ ಅವರಿಗೆ ಪರಮವೀರ ಚಕ್ರವನ್ನು ಮರಣೋತ್ತರವಾಗಿ ನೀಡಲಾಯಿತು.’