ಅಪ್‌ಡೇಟ್: ಅಜ್ಜನ ಕೋವಿಯ ತುಕ್ಕು ಹೋಯ್ತು, ಅವರು ಕೆತ್ತಿದ ಅಕ್ಷರ ಉಳೀತು

ಅಜ್ಜನ ಜೋಡುನಳಿಗೆ ಕೋವಿಯ ಬ್ಯಾರೆಲ್ ಮೇಲೆ ಕೆಂಪು ತುಕ್ಕು, ಎಣ್ಣೆ ಕುಡಿದು ಕಪ್ಪಾದ ಮರದ ಹಿಡಿ. ಹಳೇ ಗುರುತು ಅಳಿಸದೆ ಸರಿಮಾಡೋದು ಹೇಗೆ ಅಂತ ಕೇಳಿದ್ದೆ.

ಕೆಲಸ ಮಾಡಿದ್ದು 0000 ನಂಬರಿನ ಸ್ಟೀಲ್ ವೂಲ್ (ತೀರಾ ನಯವಾದ ಉಕ್ಕಿನ ನಾರು) ಸಲಹೆ. ಮೊದಲು ಕೋವಿಯನ್ನು ಕೀಲಿನ ಹತ್ತಿರ ಬಾಗಿಸಿ ತೆರೆದು ಎರಡೂ ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇದೆಯಾ ನೋಡ್ಕೊಳ್ಳಿ. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಭಾರ ಹಾಕದೆ ಉಜ್ಜಿ. ಎಣ್ಣೆ ಕೆಂಪಾದ ಹಾಗೆಲ್ಲ ಒರೆಸಿ ಹೊಸದು ಹಾಕಿ, ಇಲ್ಲದಿದ್ದರೆ ತುಕ್ಕಿನ ಪುಡಿಯೇ ಗೀರು ಹಾಕುತ್ತೆ. ವಿನೆಗರ್ ಬೇಡವೇ ಬೇಡ. ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿದ್ದಕ್ಕೇ ತುಕ್ಕಿನ ಜೊತೆ ಕಪ್ಪು ಲೇಪವೂ ಎದ್ದು ಬಂತು.

ಹಿಡಿಗೆ ಸ್ಯಾಂಡ್ ಪೇಪರ್ ಮುಟ್ಟಿಸಲಿಲ್ಲ. ಅಜ್ಜ ಕೆತ್ತಿದ ಅಕ್ಷರ, ಅವರ ಕೆನ್ನೆ ತಾಗಿ ನುಣುಪಾದ ಜಾಗ ಒಮ್ಮೆ ಹೋದರೆ ಹೋಯ್ತು. ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಬ್ರಷ್‌ನಿಂದ ತೆಗೆದರೆ ಎಣ್ಣೆ ಹೊರಗೆ ಬರುತ್ತೆ. ಮೂರು ಸಲ ಬೇಕಾಯ್ತು. ಆಮೇಲೆ ಅಗಸೆ ಎಣ್ಣೆ, ಬೆರಳ ತುದಿಯಷ್ಟೇ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಗೊತ್ತಿರದೇ ಇದ್ದದ್ದು: ತುಕ್ಕಿಗೆ ಕಾರಣ ಕೋವಿ ಇಟ್ಟಿದ್ದ ಚಂದದ ಚರ್ಮದ ಚೀಲವೇ! ಚರ್ಮ ತೇವ ಹಿಡಿದಿಡುತ್ತೆ. ಚೀಲ ಈಗ ಬೇರೆ ಕಡೆ. ಕೋವಿಯನ್ನು ಬಾಯಿ ಕೆಳಗಾಗಿ ನಿಲ್ಲಿಸಿದ್ದೀನಿ, ಎಣ್ಣೆ ಮತ್ತೆ ಮರಕ್ಕೆ ಇಳಿಯಲ್ಲ. ನುರಿತ ಕೋವಿ ರಿಪೇರಿಯವರು ಬ್ಯಾರೆಲ್ ಗೋಡೆಯ ದಪ್ಪ ಅಳೆಯುವ ತನಕ ತೋಟಾ ಹಾಕಲ್ಲ.