ಪ್ಯಾಕೇಜಿನ ವಿವರ ಓದಲು ಇಡೀ ಟಾರ್ ಬಿಚ್ಚಲೇಬೇಕೇ?

ಪ್ರಶ್ನೆ:
ನಮ್ಮ ತಂಡದ ಒಳಬಳಕೆಗೆಂದು ಪೈಥಾನ್‌ನಲ್ಲಿ ಚಿಕ್ಕದೊಂದು ಪ್ಯಾಕೇಜ್ ಮ್ಯಾನೇಜರ್ (ತಂತ್ರಾಂಶಗಳನ್ನು ಅನುಸ್ಥಾಪಿಸುವ ಸಾಧನ) ಬರೆದಿದ್ದೇನೆ. ಪ್ಯಾಕೇಜುಗಳು ಜಿಜಿಪ್‌ನಿಂದ ಕುಗ್ಗಿಸಿದ ಟಾರ್ ಕಡತಗಳು, ಅಂದರೆ ಹಲವು ಕಡತಗಳನ್ನು ಒಂದಾಗಿ ಸೇರಿಸಿದ ಕಟ್ಟುಗಳು. ಹೆಸರು, ಆವೃತ್ತಿ, ಅವಲಂಬನೆಗಳಿರುವ ಸಣ್ಣ ಕಡತವನ್ನು ಟಾರ್‌ಫೈಲ್ ಮಾಡ್ಯೂಲಿನಲ್ಲಿ ಹೆಸರಿನಿಂದ ಕಡತ ಹುಡುಕುವ ಗೆಟ್‌ಮೆಂಬರ್ ಮೂಲಕ ಓದಿ, ಆನಂತರ ಉಳಿದುದನ್ನು ಬಿಚ್ಚುತ್ತೇನೆ. ಆದರೆ ಆ ಸಣ್ಣ ಕಡತವನ್ನು ಓದುವುದಕ್ಕೇ ಇಡೀ ಪ್ಯಾಕೇಜನ್ನು ಬಿಚ್ಚುವಷ್ಟು ಹೊತ್ತು ಹಿಡಿಯುತ್ತಿದೆ. ಜಿಪ್‌ಗೆ ಬದಲಾಯಿಸುವುದೊಂದೇ ದಾರಿಯೇ?

ಉತ್ತರ 1:
ಬದಲಾಯಿಸುವ ಮುನ್ನ ಕಾರಣವನ್ನು ನೋಡಿ. ಟಾರ್ ಹುಟ್ಟಿದ್ದು ಮೊದಲಿನಿಂದ ಕೊನೆಯತ್ತ ಓದುವ ಮ್ಯಾಗ್ನೆಟಿಕ್ ಟೇಪಿಗಾಗಿ. ಪ್ರತಿ ಕಡತದ ಮುಂದೆ 512 ಬೈಟ್‌ಗಳ ತಲೆಬರಹ ಇರುತ್ತದೆಯೇ ಹೊರತು ಒಟ್ಟಾರೆ ಸೂಚಿ ಎಂಬುದು ಅದರಲ್ಲಿ ಇಲ್ಲ. ಒಂದೇ ಹೆಸರು ಎರಡು ಬಾರಿ ಬಂದರೆ ಕೊನೆಯದೇ ಊರ್ಜಿತವೆಂದು ಗೆಟ್‌ಮೆಂಬರ್ ಭಾವಿಸುವುದರಿಂದ, ಬೇಕಾದ ಕಡತ ಮೊದಲಲ್ಲೇ ಸಿಕ್ಕಿದರೂ ಅದು ಕೊನೆಯವರೆಗೆ ಓದುತ್ತದೆ. ಆಮೇಲೆ ನೀವು ಬಿಚ್ಚಲು ಹೊರಟಾಗ ಜಿಜಿಪ್ ಹಿಂದಕ್ಕೆ ಜಿಗಿಯಲಾರದೆ ಆರಂಭದಿಂದ ಮತ್ತೆ ಹಿಗ್ಗಿಸಬೇಕಾಗುತ್ತದೆ. ಹೀಗೆ ಒಂದೇ ಕೆಲಸ ಎರಡು ಸಲ ನಡೆಯುತ್ತಿದೆ. ಪ್ಯಾಕೇಜ್ ಕಟ್ಟುವಾಗ ವಿವರದ ಕಡತವನ್ನು ಮೊದಲಿಗಿಡಿ. ಓದುವಾಗ ಟಾರ್‌ನೊಳಗಿನ ಕಡತಗಳನ್ನು ಒಂದೊಂದಾಗಿ ನೋಡುತ್ತ, ಅದು ಸಿಕ್ಕೊಡನೆ ನಿಲ್ಲಿಸಿ, ಅನುಸ್ಥಾಪಿಸುವುದಾದರೆ ಅಲ್ಲಿಂದಲೇ ಮುಂದುವರಿಯಿರಿ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಪ್ಯಾಕೇಜ್ ಆದ ಡೆಬ್ ಕಡತದಲ್ಲೂ ನಿಯಂತ್ರಣ ಮಾಹಿತಿಯ ಟಾರ್ ಮೊದಲು, ದತ್ತಾಂಶದ ಟಾರ್ ಆಮೇಲೆ ಇರುತ್ತದೆ.

ಉತ್ತರ 2:
ಜಿಪ್‌ನ ಸೂಚಿ ಕಡತದ ಕೊನೆಯಲ್ಲಿರುವುದರಿಂದ ಬೇಕಾದ ಭಾಗಕ್ಕೆ ನೇರವಾಗಿ ಹೋಗಬಹುದು, ನಿಜ. ಆದರೆ ಅದು ಪ್ರತಿ ಕಡತವನ್ನೂ ಬೇರೆಬೇರೆಯಾಗಿ ಕುಗ್ಗಿಸುವುದರಿಂದ ಸಾವಿರಾರು ಸಣ್ಣ ಕಡತಗಳಿರುವ ಪ್ಯಾಕೇಜು ಟಾರ್‌ಗಿಂತ ದಪ್ಪವಾಗುತ್ತದೆ. ಕೊಂಡಾ ಎಂಬ ಪ್ಯಾಕೇಜ್ ಮ್ಯಾನೇಜರಿನವರು ಕಂಡುಕೊಂಡ ನಡುದಾರಿ ನನಗೆ ಬಹಳ ಇಷ್ಟ: ಅವರ ಹೊಸ ರೂಪದಲ್ಲಿ ಹೊರಗಿನ ಜಿಪ್ ಏನನ್ನೂ ಕುಗ್ಗಿಸುವುದಿಲ್ಲ, ಅದರೊಳಗೆ ವಿವರಕ್ಕೊಂದು, ಕಡತಗಳಿಗೊಂದು ಎಂದು ಜಡ್‌ಸ್ಟ್ಯಾಂಡರ್ಡ್ ಎಂಬ ವಿಧಾನದಿಂದ ಕುಗ್ಗಿಸಿದ ಎರಡು ಟಾರ್‌ಗಳಿರುತ್ತವೆ.

ಉತ್ತರ 3:
ವೇಗದ ಜೊತೆಗೆ ಸುರಕ್ಷತೆಯನ್ನೂ ದಯವಿಟ್ಟು ಗಮನಿಸಿ. ಟಾರ್‌ನೊಳಗಿನ ಹೆಸರಿನಲ್ಲಿ ಮೇಲಿನ ಫೋಲ್ಡರಿಗೆ ಒಯ್ಯುವ ಎರಡು ಚುಕ್ಕಿಗಳ ಹಾದಿಯಿದ್ದರೆ, ಅಥವಾ ಸಾಂಕೇತಿಕ ಕೊಂಡಿಯೊಂದು ಹೊರಗೆ ತೋರಿಸುತ್ತಿದ್ದರೆ, ಬಿಚ್ಚುವಾಗ ನೀವು ಹೇಳಿದ ಫೋಲ್ಡರಿನ ಆಚೆಗೂ ಬರವಣಿಗೆ ನಡೆದುಬಿಡಬಹುದು. ಪೈಥಾನ್ 3.12ರಲ್ಲಿ ಬಿಚ್ಚುವ ಕರೆಗೆ ಫಿಲ್ಟರ್ ಎಂಬ ಆಯ್ಕೆ ಬಂದಿದೆ. ಅಂಥ ಕಡತಗಳನ್ನು ತಡೆಯುವ ಅದರ ‘ಡೇಟಾ’ ಎಂಬ ಮೌಲ್ಯ 3.14ರಿಂದ ತಾನಾಗಿಯೇ ಅನ್ವಯಿಸುತ್ತದೆ, ಹಿಂದಿನ ಆವೃತ್ತಿಗಳಲ್ಲಿ ನೀವೇ ಕೊಡಬೇಕು. ಮತ್ತೊಂದು ಮಾತು: ನೇರವಾಗಿ ಗುರಿಯ ಜಾಗಕ್ಕೆ ಬಿಚ್ಚದೆ, ಅದೇ ಕಡತವ್ಯವಸ್ಥೆಯಲ್ಲಿ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿ ಆಮೇಲೆ ಹೆಸರು ಬದಲಿಸಿದರೆ, ನಡುವೆ ವಿದ್ಯುತ್ ಹೋದರೂ ಅರೆಬರೆ ಪ್ಯಾಕೇಜು ಗುರಿಯ ಜಾಗದಲ್ಲಿ ಉಳಿಯುವ ಅಪಾಯ ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು:
ವಿವರದ ಕಡತವನ್ನು ಮುಂದಕ್ಕೆ ತಂದೆ. ಹೊಸ ಪ್ಯಾಕೇಜುಗಳಲ್ಲಿ ಈಗ ಕಾಯಬೇಕಾಗಿಲ್ಲ. ಎಲ್ಲರಿಗೂ ಕೃತಜ್ಞತೆಗಳು. ಆದರೆ ಅದು ಕೊನೆಯಲ್ಲಿರುವ ಹಳೆಯ ಪ್ಯಾಕೇಜುಗಳನ್ನು ಏನು ಮಾಡಲಿ?

ಉತ್ತರ 1:
ಅವುಗಳನ್ನು ಮತ್ತೆ ಕಟ್ಟಬೇಡಿ, ಕಟ್ಟಿದರೆ ಚೆಕ್‌ಸಮ್ (ಕಡತ ಬದಲಾಗಿಲ್ಲವೆಂದು ಪರೀಕ್ಷಿಸುವ ಸಂಖ್ಯೆ) ಬದಲಾಗುತ್ತದೆ. ಒಮ್ಮೆ ಮಾತ್ರ ಎಲ್ಲವನ್ನೂ ಓದಿ, ವಿವರಗಳನ್ನೂ ಚೆಕ್‌ಸಮ್‌ಗಳನ್ನೂ ಒಂದೇ ಪಟ್ಟಿಯಾಗಿ ಪ್ಯಾಕೇಜುಗಳಿರುವ ಭಂಡಾರದಲ್ಲಿಡಿ. ಡೆಬಿಯನ್ನಿನ ಪ್ಯಾಕೇಜ್ ಮ್ಯಾನೇಜರ್ ಆದ ಎಪಿಟಿ ಅವಲಂಬನೆಗಳನ್ನು ಲೆಕ್ಕ ಹಾಕುವುದು ಇಂಥದೇ ಪಟ್ಟಿಯಿಂದ. ಅದಕ್ಕಾಗಿ ಅದು ಭಂಡಾರದ ಒಂದು ಡೆಬ್ ಕಡತವನ್ನೂ ತೆರೆಯುವುದಿಲ್ಲ.